ಆಕಾಶಕ್ಕೆ ವಾಸಿಯಾಯಿತಂತೆ

ಓಝೋನ್ ಪದರ ಚೇತರಿಸಿಕೊಳ್ಳುತ್ತಿದೆ ಎಂಬ ಸುದ್ದಿ ಪತ್ರಿಕೆಯ ಏಳನೇ ಪುಟದಲ್ಲಿ, ಟೈರಿನ ಜಾಹೀರಾತಿನ ಕೆಳಗೆ, ಎರಡು ಕಾಲಂ ಜಾಗದಲ್ಲಿ ಬಂದಿತ್ತು. ಬಸ್ ನಿಲ್ದಾಣದ ಅಂಗಡಿಸಾಲಿನಲ್ಲಿ ಅದನ್ನು ಮೊದಲು ಓದಿದವನು ಕ್ಷೌರದಂಗಡಿಯವನು. ಮೊದಲು ನಂಬದವನೂ ಅವನೇ.

"ತೂತು ಬಿದ್ದಿದ್ದನ್ನ ನೋಡಿದವರು ಯಾರು, ಮುಚ್ಚಿದ್ದನ್ನ ನೋಡಿದವರು ಯಾರು?" ಎಂದು ಅವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಾ ಸಾಲಿಗೆಲ್ಲ ಕೇಳುವಂತೆ ಹೇಳಿದ. "ತೂತು ಅಂದೋರೂ ಅವರೇ, ತೇಪೆ ಹಾಕಿದ್ವಿ ಅನ್ನೋರೂ ಅವರೇ. ಏಣಿ ಹಾಕಿ ಹತ್ತಿ ನೋಡೋಕಾಗುತ್ತಾ?"

"ನನ್ನ ಹೊಟ್ಟೆ ಮೇಲೆ ಹೊಡೆದು ಮುಚ್ಚಿದ್ದು ಕಣಯ್ಯಾ ಅದು," ಎಂದ ಪಕ್ಕದ ಮಳಿಗೆಯ ಫ್ರಿಜ್ ರಿಪೇರಿಯವನು. ಅವನನ್ನು ಎಲ್ಲರೂ ತಂಪಣ್ಣ ಎಂದು ಕರೆಯುತ್ತಿದ್ದರು. "ಹಳೇ ಗ್ಯಾಸ್ ನಿಲ್ಲಿಸಿದಾಗ ಪೈಪು, ಪಂಪು, ಮೀಟರು ಎಲ್ಲಾ ಬದಲಾಯಿಸಿದೆ. ಆಕಾಶಕ್ಕೆ ತೇಪೆ ಹಾಕಿದ ದರ್ಜಿ ನಾನೇ ಅಂತ ಬೋರ್ಡ್ ಬರೆಸಿ ಹಾಕ್ತೀನಿ ನೋಡ್ತಿರು."

"ದರ್ಜಿ ಅಲ್ಲಿ ಕೂತಿದಾರಲ್ಲ, ಅವರನ್ನ ಒಂದು ಮಾತು ಕೇಳು ಮೊದಲು," ಎಂದ ಕ್ಷೌರದಂಗಡಿಯವನು.

ನಗು ಎದ್ದಿತು. ಮೂರನೇ ಮಳಿಗೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ನಗಲಿಲ್ಲ. ಅವಳಿಗೆ ಮಾತು ಕೇಳಿಸಿರಲೇ ಇಲ್ಲ. ಕಾಲು ಪೆಡಲಿನ ಮೇಲಿತ್ತು, ಸೂಜಿ ಯಾರದೋ ಸಮವಸ್ತ್ರದ ಅಂಚಿನಲ್ಲಿ ಅರ್ಧಕ್ಕೆ ನಿಂತಿತ್ತು. ಅವಳು ಕಂಬದ ಮೇಲಿನ ಧ್ವನಿವರ್ಧಕದ ಕಡೆ ಮೈಯೆಲ್ಲ ಕಿವಿಯಾಗಿ ಕೂತಿದ್ದಳು.

ನಿಲ್ದಾಣಕ್ಕೆಲ್ಲ ಅವಳು "ಅನೌನ್ಸರಮ್ಮನ ತಂಗಿ". ಆ ಹೆಸರು ಬಾಯಿಂದ ಬಾಯಿಗೆ ಸವೆದು ಬರೀ "ತಂಗಿ" ಆಗಿತ್ತು. ವಯಸ್ಸು ಐವತ್ತರ ಹತ್ತಿರ ಬಂದರೂ, ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹತ್ತು ವರ್ಷ ಚಿಕ್ಕವರೂ ತಂಗಿ ಎಂದೇ ಕರೆಯುತ್ತಿದ್ದರು. ಉದ್ದವಿದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಜಿಪ್ ಬದಲಿಸುವುದು ಅವಳ ಕೆಲಸ. ಧ್ವನಿವರ್ಧಕದೊಳಗಿನ ಧ್ವನಿ ಅವಳ ಅಕ್ಕನದು.

"ಪ್ರಯಾಣಿಕರ ಗಮನಕ್ಕೆ," ಎಂದಿತು ಆ ಧ್ವನಿ. "ಗಡಿ ಪಟ್ಟಣದ ಕಡೆ ಹೊರಡುವ ವೇಗದೂತ ಬಸ್ಸು..." ಇಲ್ಲಿ ಸಣ್ಣ ತಡೆ. "...ನಾಲ್ಕನೇ ಪ್ಲಾಟ್‌ಫಾರಂನಲ್ಲಿ..." ಇನ್ನೊಂದು ತಡೆ. "...ನಿಂತಿದೆ."

ಬೇರೆಯವರಿಗೆ ಅದು ತಡೆಯೇ ಅಲ್ಲ. ತಂಗಿಗೆ ಮಾತ್ರ ಅದು ಎದೆಗೆ ಚುಚ್ಚಿದ ಸೂಜಿ. ಆ ವಾಕ್ಯವನ್ನು ಅಕ್ಕ ಇಪ್ಪತ್ತೆಂಟು ವರ್ಷ ಒಂದೇ ಉಸಿರಿನಲ್ಲಿ ಹೇಳಿದ್ದಳು. ಆರು ತಿಂಗಳಿಂದ ಎರಡು ಉಸಿರು ಬೇಕಾಗುತ್ತಿತ್ತು. ಈ ವಾರ ಮೂರು.

ಅಕ್ಕನಿಗೆ ಉಬ್ಬಸ ಹುಡುಗಿಯಾಗಿದ್ದಾಗಿನಿಂದ ಇತ್ತು. ಅದರೊಂದಿಗೆ ಅವಳು ಬಾಡಿಗೆದಾರನ ಜೊತೆ ಹೊಂದಿಕೊಂಡಂತೆ ಹೊಂದಿಕೊಂಡಿದ್ದಳು. ಕಿರಿಕಿರಿ ಉಂಟು, ಆದರೆ ಮನೆ ಬಿಟ್ಟು ಹೋಗುವವನಲ್ಲ. ಚೀಲದಲ್ಲಿ ನೀಲಿ ಇನ್ಹೇಲರ್, ಅಕ್ಕನ ಮಾತಿನಲ್ಲಿ "ಪಂಪು", ಇದ್ದರೆ ಸಾಕಿತ್ತು. ಎದೆ ಬಿಗಿದಾಗ ಬಾಯಿಗಿಟ್ಟು ಒತ್ತಿದರೆ ತಣ್ಣಗಿನ ಗಾಳಿ ಗಂಟಲಿಗೆ ರಪ್ಪೆಂದು ಹೊಡೆಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಎದೆ ಬಿಚ್ಚಿಕೊಳ್ಳುತ್ತಿತ್ತು.

ಆಮೇಲೆ ಆ ಪಂಪು ಬರುವುದು ನಿಂತಿತು. ಅದರೊಳಗೆ ಔಷಧಿಯನ್ನು ಹೊರಗೆ ತಳ್ಳುತ್ತಿದ್ದ ಅನಿಲ, ಹಳೇ ಫ್ರಿಜ್‌ಗಳಲ್ಲಿದ್ದಂಥದೇ ಜಾತಿಯದು, ಮೇಲೆ ಹೋಗಿ ಓಝೋನ್ ಪದರವನ್ನು ತಿನ್ನುತ್ತದೆ ಎಂದು ದೇಶಗಳೆಲ್ಲ ಸೇರಿ ಅದನ್ನು ಬಿಡಲು ಒಪ್ಪಿದ್ದವು. ಫ್ರಿಜ್ಜು, ಸ್ಪ್ರೇ ಡಬ್ಬಿಗಳೆಲ್ಲ ಮೊದಲೇ ಬದಲಾದವು. ಉಸಿರಿನ ಪಂಪಿಗೆ ಮಾತ್ರ ಹಲವು ವರ್ಷ ರಿಯಾಯಿತಿ ಇತ್ತು, ಕೊನೆಗೆ ಅದೂ ಮುಗಿಯಿತು. ಅದೇ ಔಷಧಿ, ಬೇರೆ ಅನಿಲ, ಬೇರೆ ಡಬ್ಬಿ. ಅಕ್ಕ ಹಳೆಯವನ್ನು ಒಂದಷ್ಟು ಕೂಡಿಟ್ಟುಕೊಂಡಿದ್ದಳು. ಅವೂ ತೀರಿ ಒಂದೇ ಒಂದು ಉಳಿದ ಮೇಲೆ ಆರು ತಿಂಗಳಿಂದ ಹೊಸದನ್ನೇ ನೆಚ್ಚಿದ್ದಳು, ಬೈಯುತ್ತಲೇ.

"ಇದು ಪಂಪಾ? ಕಿವಿಯಲ್ಲಿ ಗುಟ್ಟು ಹೇಳಿದ ಹಾಗಿದೆ," ಎನ್ನುತ್ತಿದ್ದಳು. "ಊರಿಗೆಲ್ಲಾ ಆಕಾಶದ ಚಿಂತೆ. ಆಕಾಶದ ತೂತು ಮುಚ್ಚೋಕೆ ಹೋಗಿ ನನ್ನ ಗಂಟಲು ಮುಚ್ಚಿದ್ರು."

ಆ ದಿನ ಮಧ್ಯಾಹ್ನ ಅಕ್ಕ ಊಟದ ಡಬ್ಬಿಯ ಜೊತೆ ಪತ್ರಿಕೆಯನ್ನೂ ಕಂಕುಳಲ್ಲಿಟ್ಟುಕೊಂಡು ತಂಗಿಯ ಮಳಿಗೆಗೆ ಬಂದಳು. ನಿಯಂತ್ರಣ ಕೊಠಡಿಯಿಂದ ಮಳಿಗೆಗೆ ಅಷ್ಟೇನೂ ದೂರವಿಲ್ಲ. ಆದರೂ ಬಂದವಳೇ ಬಟ್ಟೆಯ ರಾಶಿಯ ಮೇಲೆ ಕುಕ್ಕರಿಸಿ ಮಾತಿಗೆ ಮೊದಲು ಕೈ ಎತ್ತಿ 'ತಾಳು' ಎಂದಳು. ತಂಗಿ ಅವಳ ಕುತ್ತಿಗೆಯ ಗುಳಿ ಒಳಕ್ಕೆ ಹೋಗಿ ಬರುವುದನ್ನು ನೋಡಿದಳು, ನೋಡಲಿಲ್ಲವೆಂಬಂತೆ ದಾರ ಪೋಣಿಸಿದಳು.

"ಓದಿದ್ಯಾ ಪುಟ್ಟೀ?" ಎಂದಳು ಅಕ್ಕ ಕೊನೆಗೆ. "ಆಕಾಶಕ್ಕೆ ವಾಸಿಯಾಯ್ತಂತೆ."

"ವಾಸಿ ಆಗ್ತಾ ಇದೆ ಅಂತ ಬರೆದಿದಾರೆ ಅಕ್ಕಾ. ಪೂರ್ತಿ ಆಗೋಕೆ ಈ ಶತಮಾನದ ಅರ್ಧ ಕಳೀಬೇಕಂತೆ. ದಕ್ಷಿಣ ಧ್ರುವದ ಮೇಲೆ ಇನ್ನೂ ತಡ."

"ದಕ್ಷಿಣ ಧ್ರುವದಲ್ಲಿ ನಮ್ಮ ನೆಂಟರು ಯಾರಿದಾರೆ? ಇಲ್ಲಿ ವಾಸಿ ಆದ್ರೆ ಸಾಕು. ವಾಸಿ ಆದಮೇಲೆ ಹಳೇ ಪಂಪು ವಾಪಸ್ ಬಿಡಬೇಕು ತಾನೇ? ನ್ಯಾಯ ಅಂದ್ರೆ ನ್ಯಾಯ."

ನಕ್ಕು ಹೇಳಿದಳೇ ಹೊರತು ಕಣ್ಣಿನಲ್ಲಿ ನಗು ಇರಲಿಲ್ಲ. ಆಸೆ ಇತ್ತು. ಅದು ತಂಗಿಯನ್ನು ಹೆದರಿಸಿತು. ಅಕ್ಕ ಹಾಗೆಲ್ಲ ಆಸೆ ಪಡುವವಳಲ್ಲ.

ಕಾರಣ ತಂಗಿಗೆ ಗೊತ್ತಿತ್ತು. ಇನ್ನು ಮುಂದೆ ಮೈಕಿನ ಮುಂದೆ ಯಾರೂ ಕೂರುವುದು ಬೇಡ, ಎಲ್ಲ ಮಾರ್ಗಗಳ ಪ್ರಕಟಣೆಗಳನ್ನು ಒಮ್ಮೆ ಧ್ವನಿಮುದ್ರಿಸಿ ಕಂಪ್ಯೂಟರಿನಿಂದ ಬಿಟ್ಟರಾಯಿತು ಎಂದು ಕಚೇರಿ ತೀರ್ಮಾನಿಸಿತ್ತು. ಯಾವುದೋ ಕಂಪನಿಯವರು ಬೇರೆ ಧ್ವನಿ ಕೊಡಲು ಸಿದ್ಧರಿದ್ದರು. ಅಕ್ಕ ಅಧಿಕಾರಿಯ ಮುಂದೆ ನಿಂತು, ಈ ನಿಲ್ದಾಣಕ್ಕೆ ನನ್ನ ಧ್ವನಿಯೇ ಇರಬೇಕು, ನಾನೇ ಮುದ್ರಿಸಿ ಕೊಡುತ್ತೇನೆ ಎಂದು ಹೇಳಿ ಬಂದಿದ್ದಳು. ಆಮೇಲೆ ಅವಳನ್ನು ವಿಚಾರಣೆಯ ಕಿಟಕಿಗೆ ಹಾಕುತ್ತಾರೆ, ಹಾಕಲಿ. ಮುಂದಿನ ಗುರುವಾರ ಒಂದೇ ದಿನದಲ್ಲಿ ನೂರಾರು ವಾಕ್ಯ, ಒಂದೊಂದನ್ನೂ ಉಸಿರು ಒಡೆಯದೆ ಹೇಳಬೇಕು.

ಸಂಜೆ ಇಬ್ಬರೂ ಔಷಧಿ ಅಂಗಡಿಗೆ ಹೋದರು. ಅಂಗಡಿ ನಿಲ್ದಾಣದ ಗೇಟಿಗೆ ಅಂಟಿಕೊಂಡೇ ಇತ್ತು. ಹಿಂದೆ ಅಲ್ಲಿ ಕೂರುತ್ತಿದ್ದ ಹಿರಿಯರು ತೀರಿಕೊಂಡು ಈಗ ಮಗ ಕೂರುತ್ತಿದ್ದ. ಕನ್ನಡಕ, ಕಡಿಮೆ ಮಾತು, ಬೆರಳಿಗೆ ಸದಾ ರಬ್ಬರ್ ಬ್ಯಾಂಡ್.

"ನನ್ನ ಹಳೇದು ತರಿಸಿಕೊಡಪ್ಪಾ," ಎಂದಳು ಅಕ್ಕ. "ಪೇಪರಲ್ಲೇ ಬಂದಿದೆ. ಗಾಯ ಮಾಯ್ತಂತೆ."

"ಮಾಯ್ತಾ ಇದೆ ಅಂತ ಪಟ್ಟಿ ಬಿಚ್ಚಿದ್ರೆ ಗಾಯ ಮತ್ತೆ ಬಾಯಿ ಬಿಡುತ್ತೆ ಅಮ್ಮಾ. ಆ ಗ್ಯಾಸ್ ಬಿಟ್ಟಿದ್ದಕ್ಕೇ ಮಾಯ್ತಿರೋದು. ಮೇಲೆ ಹೋಗಿರೋದೇ ಇನ್ನೂ ಎಷ್ಟೋ ವರ್ಷ ಅಲ್ಲೇ ಇರುತ್ತೆ."

"ನನ್ನೊಬ್ಬಳ ಪಂಪಿಂದ ಆಕಾಶ ಹರಿದುಹೋಗುತ್ತಾ?"

"ಎಲ್ಲರೂ ಒಬ್ಬೊಬ್ರೇ ಅಲ್ವಾ ಅಮ್ಮಾ," ಎಂದ ಅವನು. ಆಮೇಲೆ ಮಾತು ಒರಟಾಯಿತೇನೋ ಎಂದು ಕನ್ನಡಕ ಸರಿಪಡಿಸಿಕೊಂಡು, "ಹೊಸದರಲ್ಲಿ ಔಷಧಿ ಕಮ್ಮಿ ಇಲ್ಲ. ಹೊಡೆತ ಮೆತ್ತಗೆ, ಅಷ್ಟೇ. ಡಾಕ್ಟರ್ ಬರೆದ ಇನ್ನೊಂದು ಪಂಪು ತಗೊಳ್ತಿದೀರಾ? ದಿನಾ ಬೆಳಿಗ್ಗೆ ಸಂಜೆ ತಗೋಬೇಕಾದ್ದು?"

ಅಕ್ಕ ಚೀಲವನ್ನು ಹೆಗಲಿಗೇರಿಸಿದಳು. ಅದನ್ನು ಅವಳು ಕೊಂಡೇ ಇರಲಿಲ್ಲ. ಹೊಸ ಡಬ್ಬಿಯ ದೋಷಕ್ಕೆ ನಾನೇಕೆ ಇನ್ನೊಂದು ಔಷಧಿ ತಿನ್ನಲಿ ಎಂಬುದು ಅವಳ ವಾದ.

"ಹೊಸದು ತಂದ ದಿನ ಪರವಾಗಿಲ್ಲ," ಎಂದಳು ತಂಗಿ, ಅಕ್ಕನ ಪರವಾಗಿ. "ವಾರ ಆಗೋ ಅಷ್ಟರಲ್ಲಿ ಬಡವಾಗಿಬಿಡುತ್ತೆ. ಇನ್ನೂ ಅರ್ಧಕ್ಕಿಂತ ಹೆಚ್ಚು ಇರುತ್ತೆ, ಆದ್ರೂ ಬರಲ್ಲ."

ಅವನು ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಒಬ್ಬ ನುಗ್ಗಿ ತಲೆನೋವಿನ ಮಾತ್ರೆ ಕೇಳಿದ, ಅವನ ಹಿಂದೆ ಮತ್ತಿಬ್ಬರು. ಅಕ್ಕ ಆಗಲೇ ಮೆಟ್ಟಿಲು ಇಳಿದಿದ್ದಳು.

ಅರ್ಧಕ್ಕಿಂತ ಹೆಚ್ಚು ಇದೆ ಎಂದು ತಂಗಿ ಊಹೆಯ ಮೇಲೆ ಹೇಳಿದ್ದಲ್ಲ. ಅವಳಿಗೆ ಅದು ದಿನವೂ ಗೊತ್ತಿರುತ್ತಿತ್ತು. ಡಬ್ಬಿಯ ಮೇಲೆ ಎಷ್ಟು ಉಳಿದಿದೆ ಎಂದು ತೋರಿಸುವ ಗುರುತೇನೂ ಇರಲಿಲ್ಲ. ಅದಕ್ಕೆ ಉಪಾಯವನ್ನು ಈ ಅಂಗಡಿಯ ಹಿರಿಯರೇ ಎಷ್ಟೋ ವರ್ಷದ ಹಿಂದೆ ಹೇಳಿಕೊಟ್ಟಿದ್ದರು. ಲೋಹದ ಡಬ್ಬಿಯನ್ನು ಪ್ಲಾಸ್ಟಿಕ್ ಕವಚದಿಂದ ಎಳೆದು ನೀರಿಗೆ ಬಿಡಬೇಕು. ಮುಳುಗಿದರೆ ತುಂಬಿದೆ, ನಿಂತರೆ ಅರ್ಧ, ಮಲಗಿದರೆ ಮುಗಿಯಿತು. ಆ ಕಾಲದಲ್ಲಿ ಉಬ್ಬಸದವರ ಮನೆಗಳಲ್ಲಿ ಹೀಗೆ ಮಾಡುವುದು ಸಾಮಾನ್ಯವಾಗಿತ್ತು. ಹಳೇ ಪಂಪಿಗೆ ಅದನ್ನು ಎಂದೋ ಒಮ್ಮೆ ಮಾಡಿದರೆ ಸಾಕಾಗುತ್ತಿತ್ತು. ಹೊಸದರ ಮೇಲೆ ನಂಬಿಕೆ ಇಲ್ಲದ್ದರಿಂದ ತಂಗಿ ದಿನಾ ಬೆಳಿಗ್ಗೆ, ಅಕ್ಕ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅಡುಗೆಮನೆಯ ಸಿಂಕಿನಲ್ಲಿ ಸ್ಟೀಲಿನ ಬೋಗುಣಿಗೆ ನೀರು ತುಂಬಿಸಿ ಡಬ್ಬಿಯನ್ನು ಬಿಡುತ್ತಿದ್ದಳು. ಅದು ತೂಗಾಡಿ ನಿಲ್ಲುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅದು ನಿಂತರೆ ಅವಳ ಎದೆಬಡಿತವೂ ಹದಕ್ಕೆ ಬರುತ್ತಿತ್ತು. ಆಮೇಲೆ ಸೀರೆಯ ಸೆರಗಿನಿಂದ ಒರೆಸಿ, ಕವಚಕ್ಕೆ ಸೇರಿಸಿ, ಚೀಲದಲ್ಲಿ ಮೊದಲಿದ್ದ ಜಾಗದಲ್ಲೇ ಇಡುತ್ತಿದ್ದಳು. ಅಕ್ಕನಿಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ಬೈಗುಳ ಖಂಡಿತ. "ನನ್ನನ್ನ ಸಾಯಿಸಿಯೇ ಬಿಟ್ಯಲ್ಲೇ ಆಗಲೇ" ಎನ್ನುವವಳು.

ಗುರುವಾರಕ್ಕೆ ಎರಡು ದಿನ ಮೊದಲು ನಿಯಂತ್ರಣ ಕೊಠಡಿಯ ಹಿಂದಿನ ಸಣ್ಣ ಕೋಣೆಗೆ ಬಣ್ಣ ಬಳಿದರು. ಧ್ವನಿಮುದ್ರಣಕ್ಕೆ ಅದೇ ಜಾಗ. ಹೊರಗಿನ ಸದ್ದು ಬರದಂತೆ ಗೋಡೆಗೆ ಸ್ಪಂಜಿನ ಹಾಳೆಗಳನ್ನು ಅಂಟಿಸಿದರು, ಕಿಟಕಿಗೆ ಹಲಗೆ ಹೊಡೆದರು. ತಂಗಿ ಒಂದು ನೆಪ ಮಾಡಿಕೊಂಡು ಹೋಗಿ ಬಾಗಿಲಲ್ಲಿ ನಿಂತು ಮೂಸಿದಳು. ಬಣ್ಣ, ಅಂಟು, ಮುಚ್ಚಿದ ಗಾಳಿ. ಅವಳ ಕಣ್ಣಿನಲ್ಲೇ ನೀರು ಬಂತು.

"ಒಂದು ವಾರ ಮುಂದಕ್ಕೆ ಹಾಕೋಕಾಗಲ್ವಾ ಸಾರ್?" ಎಂದು ನಿಲ್ದಾಣದ ಬಸ್ಸುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲರನ್ನು ಕೇಳಿದಳು.

ಕಂಟ್ರೋಲರ್ ಒಳ್ಳೆಯವನೇ, ಆದರೆ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕ ಅಡಕತ್ತರಿಯ ಅಡಕೆ. "ನಂಗೇನಮ್ಮಾ, ಹಾಕ್ತೀನಿ. ಆದ್ರೆ ರೆಕಾರ್ಡಿಂಗ್ ಹುಡುಗರು ಗುರುವಾರ ಒಂದೇ ದಿನ ಬರೋದು. ತಪ್ಪಿದ್ರೆ ಕಂಪನಿ ಧ್ವನೀನೇ ಹಾಕಿಬಿಡಿ ಅಂತಾರೆ ಮೇಲಿನವರು. ನಿಮ್ಮಕ್ಕನ್ನ ಕೇಳಿ, ಅವರು ಮುಂದಕ್ಕೆ ಹಾಕಿ ಅಂದ್ರೆ ನಾನು ಮಾತಾಡ್ತೀನಿ."

ಅಕ್ಕ ಹಾಗೆ ಅನ್ನಲಿಲ್ಲ. ಅದರ ಬದಲು ಬುಧವಾರ ಸಂಜೆ ಕರವಸ್ತ್ರದಲ್ಲಿ ಸುತ್ತಿದ ಕೊನೆಯ ಹಳೇ ಪಂಪನ್ನು ತಂದು ತಂಗಿಯ ಕೈಗಿಟ್ಟಳು.

"ನಿನ್ನ ಮಿಷನ್ ಡ್ರಾಯರಲ್ಲಿಟ್ಕೋ. ನನ್ನ ಹತ್ರ ಇದ್ರೆ ಆಸೆಗೆ ಒತ್ತಿಬಿಡ್ತೀನಿ. ಏನಾದ್ರೂ ಆದ್ರೆ ಓಡಿ ಬಾ."

"ತಾರೀಖು ಮುಗಿದು ಕಾಲ ಆಯ್ತಲ್ಲಕ್ಕಾ ಇದರದ್ದು."

"ನನ್ನದೂ ಮುಗಿದಿದೆ. ಕೆಲಸ ಮಾಡ್ತಿಲ್ವಾ ನಾನು?"

ಗುರುವಾರ ಬೆಳಿಗ್ಗೆ ತಂಗಿ ಹೊಸ ಪಂಪಿನ ಡಬ್ಬಿಯನ್ನು ಎರಡು ಸಲ ನೀರಿಗೆ ಬಿಟ್ಟಳು. ಮೊದಲ ಸಲ ನೋಡಿದ್ದು ಸರಿಯೋ ಇಲ್ಲವೋ ಎಂಬ ಅನುಮಾನ. ಎರಡನೇ ಸಲವೂ ಡಬ್ಬಿ ನಿಂತೇ ಇತ್ತು. ಅರ್ಧ. ಸಾಕು, ಧಾರಾಳ ಸಾಕು ಎಂದು ತನಗೇ ಹೇಳಿಕೊಂಡು ಅದನ್ನು ಒರೆಸಿದಳು.

ಮಳಿಗೆಯಲ್ಲಿ ಅಂದು ಕೆಲಸ ಸಾಗಲಿಲ್ಲ. ಧ್ವನಿವರ್ಧಕದಲ್ಲಿ ಅಕ್ಕನ ಬದಲು ಕಂಟ್ರೋಲರ್ ಒರಟಾಗಿ ಕೂಗುತ್ತಿದ್ದ. ಅಂಗಡಿಸಾಲಿನಲ್ಲಿ ಓಝೋನಿನ ಮಾತು ಇನ್ನೂ ಆರಿರಲಿಲ್ಲ. ಸಮವಸ್ತ್ರ ಒಯ್ಯಲು ಬಂದ ಶಾಲೆಯ ಟೀಚರ್ ಒಬ್ಬರು, ಜನ ಎಲ್ಲ ಒಟ್ಟಿಗೆ ಸೇರಿ ಮಾಡಿದ ಒಂದಾದರೂ ಒಳ್ಳೇ ಕೆಲಸದ ಸುದ್ದಿ ಬಂತಲ್ಲ ಎಂದು ಸಂತೋಷಪಟ್ಟರು.

"ಹಾಗಾದ್ರೆ ಇನ್ಮೇಲೆ ಬಿಸಿಲಲ್ಲಿ ಟೋಪಿ ಬೇಡ ಅನ್ನಿ," ಎಂದ ಕ್ಷೌರದಂಗಡಿಯವನು.

"ಟೋಪಿ ಬೇಕೇ ಬೇಕು. ಬಿಸಿಲು ಏನೂ ಬದಲಾಗಿಲ್ಲ."

"ಮತ್ತೆ ಮುಚ್ಚಿ ಏನು ಪ್ರಯೋಜನ?"

"ಹಾಳಾಗೋದು ನಿಂತಿತಲ್ಲಪ್ಪಾ, ಅದು ಪ್ರಯೋಜನ ಅಲ್ವಾ?"

"ಇವನ ತಲೆ ನೋಡಿ ಟೀಚರ್," ಎಂದ ತಂಪಣ್ಣ. "ಇವನ ಹತ್ರ ಕೂದಲು ಕತ್ತರಿಸ್ಕೊಂಡವರಿಗೆ ಓಝೋನ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಟೋಪಿ ಬೇಕೇ ಬೇಕು."

ತಂಗಿ ಬಟನ್ ಹೊಲಿಯುತ್ತಿದ್ದಳು. ತಪ್ಪು ಕಡೆ ಹೊಲಿದು ಬಿಚ್ಚಿದಳು, ಮತ್ತೆ ತಪ್ಪು ಕಡೆ ಹೊಲಿದಳು. ಆಗ ಧ್ವನಿವರ್ಧಕ ಕರಕರ ಎಂದಿತು. ಕಂಟ್ರೋಲರನ ಧ್ವನಿ ಬಂತು, ಆದರೆ ಬಸ್ಸಿನ ವಿಷಯಕ್ಕಲ್ಲ.

"ತಂಗಿಯಮ್ಮಾ, ಎಲ್ಲಿದ್ರೂ ಬೇಗ ಬನ್ನಿ. ತಂಗಿಯಮ್ಮಾ."

ಅವಳು ಡ್ರಾಯರ್ ಎಳೆದದ್ದು, ಕರವಸ್ತ್ರದ ಗಂಟು ಹಿಡಿದದ್ದು, ಓಡಿದ್ದು ಒಂದೂ ಅವಳಿಗೆ ಆಮೇಲೆ ನೆನಪಿಗೆ ಬರಲಿಲ್ಲ. ಟೀಚರಿಗೆ "ಔಷಧಿ ಅಂಗಡಿಯವರನ್ನ ಕರೀರಿ" ಎಂದು ಕೂಗಿದ್ದು ಮಾತ್ರ ನೆನಪಿತ್ತು.

ಅಕ್ಕ ಕೋಣೆಯ ಹೊರಗೆ ಕುರ್ಚಿಯ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮಂಡಿಗೆ ಊರಿ ಕೂತಿದ್ದಳು. ಹೆಗಲು ಪ್ರತಿ ಉಸಿರಿಗೂ ಕಿವಿಯವರೆಗೆ ಏರುತ್ತಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ. ರೆಕಾರ್ಡಿಂಗಿಗೆ ಬಂದಿದ್ದ ಇಬ್ಬರು ಹೆಡ್‌ಫೋನು ಕೊರಳಲ್ಲಿ ಹಾಕಿಕೊಂಡೇ ಗೋಡೆಗೆ ಒರಗಿ ನಿಂತಿದ್ದರು. ಅಕ್ಕನ ಕೈಯಲ್ಲಿ ಹೊಸ ಪಂಪಿತ್ತು. ಅವಳು ಅದನ್ನು ಬಾಯಿಗಿಟ್ಟು ಒತ್ತಿದಳು. ತುಸ್ ಎಂಬ ಸದ್ದೂ ಸರಿಯಾಗಿ ಬರಲಿಲ್ಲ. ಮತ್ತೆ ಒತ್ತಿದಳು. ಕವಚದ ಬಾಯಲ್ಲಿ ಒಂದು ಹನಿ ಜಿನುಗಿತು, ಅಷ್ಟೇ. ಅವಳು ಅದನ್ನು ನೆಲಕ್ಕೆ ಬಿಸುಟು ತಂಗಿಯ ಕಡೆ ಕೈ ಚಾಚಿದಳು.

ತಂಗಿ ಗಂಟು ಬಿಚ್ಚಿ ಹಳೇ ಪಂಪನ್ನು ಕೊಟ್ಟಳು.

ರಪ್ಪೆಂದು ಗಾಳಿ ಹೊಡೆದ ಸದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಅಕ್ಕ ಕಣ್ಣು ಮುಚ್ಚಿದಳು, ತಲೆ ಹಿಂದಕ್ಕೆ ಒರಗಿಸಿದಳು. ಮುಖದಲ್ಲಿ ತವರಿಗೆ ಬಂದವಳ ಕಳೆ. ಮತ್ತೊಮ್ಮೆ ಒತ್ತಿದಳು, ರಪ್. ಕಂಟ್ರೋಲರ್ "ಅಬ್ಬಾ" ಎಂದು ಬೆವರು ಒರೆಸಿಕೊಂಡ. ತಂಗಿಯೂ ಗೋಡೆ ಹಿಡಿದುಕೊಂಡಳು. ಆಯಿತು, ಇನ್ನು ಬಿಚ್ಚಿಕೊಳ್ಳುತ್ತದೆ.

ಬಿಚ್ಚಿಕೊಳ್ಳಲಿಲ್ಲ. ಅಕ್ಕ ಕಣ್ಣು ತೆರೆದಳು. ಅವಳಿಗೂ ಅದು ಅರ್ಥವಾಗಿತ್ತು. ಗಂಟಲಿಗೆ ಆ ಪರಿಚಿತ ತಂಪು ಬಂದಿತ್ತು, ಹೊಡೆತ ಬಂದಿತ್ತು, ಆದರೆ ಎದೆಯೊಳಗೆ ಏನೂ ನಡೆಯಲಿಲ್ಲ. ಉಸಿರಿನಲ್ಲಿ ಸುಯ್ ಎನ್ನುತ್ತಿದ್ದ ಸದ್ದು ಸಣ್ಣದಾಗುತ್ತಾ ಬಂತು. ಸದ್ದು ಕಡಿಮೆಯಾದರೆ ವಾಸಿಯಾದಂತೆ ಎಂದು ರೆಕಾರ್ಡಿಂಗಿನವರಲ್ಲಿ ಒಬ್ಬ ಪಿಸುಗುಟ್ಟಿದ. ತಂಗಿಗೆ ಗೊತ್ತಿತ್ತು, ಹಾಗಲ್ಲ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದು ಅರ್ಥ.

"ಅಕ್ಕಾ, ನನ್ನ ನೋಡು. ನನ್ನ ನೋಡಕ್ಕಾ."

ಔಷಧಿ ಅಂಗಡಿಯವನು ಚಪ್ಪಲಿಯಿಲ್ಲದೆ ಓಡಿ ಬಂದ. ಪೊಟ್ಟಣ ಹರಿದು ಹೊಸ ಪಂಪು ತೆಗೆದ, ಕುಲುಕಿದ, ಮೊದಲ ಒಂದೆರಡು ಸಲ ಗಾಳಿಗೆ ಹೊಡೆದ. ಅದರ ತುದಿಗೆ ಒಂದು ಉದ್ದನೆಯ ಪ್ಲಾಸ್ಟಿಕ್ ಬುರುಡೆ ಸಿಕ್ಕಿಸಿ ಅಕ್ಕನ ಬಾಯಿಗಿಟ್ಟ. "ಎಳೀಬೇಡಿ ಅಮ್ಮಾ. ಸುಮ್ನೆ ಉಸಿರಾಡಿ. ಔಷಧಿ ಇದರೊಳಗೇ ಇರುತ್ತೆ, ಎಲ್ಲಿಗೂ ಓಡಿಹೋಗಲ್ಲ. ಇನ್ನೊಂದು. ಇನ್ನೊಂದು." ಪಂಪಿನಿಂದ ಬಂದದ್ದು ಅದೇ ಮೆತ್ತನೆಯ, ಕಿವಿಯಲ್ಲಿ ಗುಟ್ಟು ಹೇಳಿದಂಥ ಸದ್ದು. ಅವನು ನಡುನಡುವೆ ಕಂಟ್ರೋಲರ್ ಕಡೆ ತಿರುಗಿ, "ಗಾಡಿ ತರಿಸಿ ಸಾರ್. ಈಗಲೇ. ಇದು ಆಸ್ಪತ್ರೆ ಕೇಸು," ಎಂದ.

ಡಿಪೋದ ವ್ಯಾನಿನಲ್ಲಿ ಅಕ್ಕನ ಬೆನ್ನಿಗೆ ತನ್ನ ಎದೆ ಒತ್ತಿ ಕೂತ ತಂಗಿ ದಾರಿಯುದ್ದಕ್ಕೂ ಒಂದನ್ನೇ ಕೇಳಿಸಿಕೊಂಡಳು. ಸುಯ್ ಎಂಬ ಸದ್ದು ಮತ್ತೆ ಬರುತ್ತಿತ್ತು, ಮೊದಲು ಎಳೆಯಷ್ಟು, ಆಮೇಲೆ ದಾರದಷ್ಟು. ಇಷ್ಟು ವರ್ಷ ಹೆದರಿಸಿದ್ದ ಆ ಸದ್ದಿಗಾಗಿ ಅವಳು ಈಗ ಹಂಬಲಿಸಿದಳು.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿದರು, ಔಷಧಿಯ ಹಬೆ ಬಿಟ್ಟರು, ಕೈಗೆ ಸೂಜಿ ಚುಚ್ಚಿದರು. ಗಂಟೆ ಕಳೆದ ಮೇಲೆ ಅಕ್ಕನ ಹೆಗಲು ಕೆಳಗಿಳಿಯಿತು. ನರ್ಸ್ ಒಬ್ಬಳು, ಅಕ್ಕನಷ್ಟೇ ವಯಸ್ಸಿನವಳು, ಏನೇನು ತೆಗೆದುಕೊಂಡಿದ್ದರು ತೋರಿಸಿ ಎಂದಳು. ತಂಗಿ ಮೂರು ಪಂಪುಗಳನ್ನೂ ಮಂಚದ ಮೇಲಿಟ್ಟಳು. ನೆಲಕ್ಕೆ ಬಿಸುಟಿದ್ದನ್ನೂ ಔಷಧಿ ಅಂಗಡಿಯವನು ಆರಿಸಿ ಕೊಟ್ಟಿದ್ದ.

ನರ್ಸ್ ಹಳೆಯದನ್ನು ಬೆಳಕಿಗೆ ಹಿಡಿದು ತಾರೀಖು ನೋಡಿ ಹುಬ್ಬೇರಿಸಿದಳು. "ಅಯ್ಯೋ, ಇದಿನ್ನೂ ಇಟ್ಕೊಂಡಿದೀರಾ? ಇಷ್ಟು ಹಳೇದನ್ನ ನಂಬ್ಕೊಂಡು ಕೂರಬಾರದು ಅಮ್ಮಾ. ಗ್ಯಾಸ್ ರಪ್ ಅಂತ ಹೊಡೆದ್ರೆ ಔಷಧಿ ಕೆಲಸ ಮಾಡ್ತು ಅಂತ ಅಲ್ಲ." ಆಮೇಲೆ ಬಿಸುಟಿದ್ದ ಪಂಪನ್ನು ಕೈಗೆತ್ತಿಕೊಂಡು, ಡಬ್ಬಿಯನ್ನು ಕವಚದಿಂದ ಎಳೆದು, ಅಂಗೈ ಮೇಲೆ ತಟ್ಟಿದಳು. ಒಂದು ಹನಿ ನೀರು ಬಿತ್ತು. ಕವಚದ ಸಣ್ಣ ರಂಧ್ರದಲ್ಲಿ ಬಿಳಿಯ ಪುಡಿ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು.

"ಇದು ನೀರಿಗೆ ಬಿದ್ದಿತ್ತಾ?"

ಮಾಸ್ಕಿನ ಮೇಲಿಂದ ಅಕ್ಕನ ಕಣ್ಣು ತಂಗಿಯ ಕಡೆ ತಿರುಗಿತು.

"ಬಿದ್ದಿಲ್ಲ," ಎಂದಳು ತಂಗಿ. "ನಾನೇ ಬಿಡ್ತಿದ್ದೆ. ದಿನಾ. ಎಷ್ಟು ಉಳಿದಿದೆ ಅಂತ ನೋಡೋಕೆ."

ನರ್ಸ್ ಗದರಲಿಲ್ಲ. ಗದರಿದ್ದರೇ ವಾಸಿಯಿತ್ತು. "ಹಳೇದಕ್ಕೆ ಎಲ್ಲರೂ ಹಾಗೇ ಮಾಡೋರು," ಎಂದಳು. "ಇದಕ್ಕೆ ಮಾಡಬಾರದು. ಡಬ್ಬಿ ಬಾಯಲ್ಲಿ ನೀರು ನಿಲ್ಲುತ್ತೆ, ಔಷಧಿ ಅದಕ್ಕೆ ಅಂಟಿ ಕಟ್ಟಿಕೊಳ್ಳುತ್ತೆ. ತೇಲೋದನ್ನ ನೋಡಿ ಎಷ್ಟಿದೆ ಅಂತ ಹೇಳೋಕೂ ಬರಲ್ಲ. ಡಬ್ಬಿಗೆ ನೀರು ತಾಗಿಸಬೇಡಿ. ಈ ಪ್ಲಾಸ್ಟಿಕ್ ಮಾತ್ರ ವಾರಕ್ಕೊಂದ್ಸಲ ತೊಳೆದು ಚೆನ್ನಾಗಿ ಒಣಗಿಸಿ. ಅಂಗಡೀಲಿ ಹೇಳಲಿಲ್ವಾ?"

ಹೇಳಿರಲಿಲ್ಲ. ಕೇಳಿಯೂ ಇರಲಿಲ್ಲ. ಪೊಟ್ಟಣದೊಳಗಿನ ಸೂಚನೆಯ ಹಾಳೆಯನ್ನು ತಂಗಿ ಪ್ರತಿ ಸಲವೂ ಮಡಿಸಿದಂತೆಯೇ ಕಸಕ್ಕೆ ಹಾಕಿದ್ದಳು. ಪಂಪು ಹೇಗೆ ಒತ್ತುವುದೆಂದು ನಲವತ್ತು ವರ್ಷದ ಮೇಲೆ ಯಾರು ಓದುತ್ತಾರೆ?

ನರ್ಸ್ ಹೋದ ಮೇಲೆ ತಂಗಿ ಸ್ಟೂಲಿನ ಮೇಲೆ ಕೂತಳು. ಆರು ತಿಂಗಳ ಬೆಳಗುಗಳೆಲ್ಲ ಎದುರಿಗೆ ಬಂದು ನಿಂತವು. ಡಬ್ಬಿ ನಿಂತಿತೆಂದು ನಿಟ್ಟುಸಿರು ಬಿಟ್ಟ ಪ್ರತಿ ಬೆಳಗೂ ತಾನೇ ಅಕ್ಕನ ಉಸಿರಿಗೆ ಬಿರಡೆ ಹಾಕುತ್ತಿದ್ದಳು. ಇವತ್ತಂತೂ ಎರಡು ಸಲ. ವ್ಯಾನು ಸಿಗದಿದ್ದರೆ? ಅಂಗಡಿಯವನು ಊಟಕ್ಕೆ ಹೋಗಿದ್ದರೆ? ಅವಳು ಎದ್ದು ಹೋಗಿ ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದು ಬಂದಳು. ಬರುವಾಗ ಬಾಗಿಲಲ್ಲೇ ನಿಂತು, ಹೊದಿಕೆ ಮೇಲಕ್ಕೂ ಕೆಳಕ್ಕೂ ಆಡುತ್ತಿದೆಯೇ ಎಂದು ನೋಡಿ, ಆಡುತ್ತಿದೆ ಎಂದು ಖಾತ್ರಿಯಾದ ಮೇಲೆ ಒಳಗೆ ಕಾಲಿಟ್ಟಳು.

ಸಂಜೆ ಹೊತ್ತಿಗೆ ಅಕ್ಕನ ಮಾಸ್ಕ್ ತೆಗೆದರು. ಮೂಗಿನ ಮೇಲೆ ಅದರ ಗೀರು ಕೆಂಪಗೆ ಮೂಡಿತ್ತು.

"ಆರು ತಿಂಗಳು," ಎಂದಳು ಅಕ್ಕ. ಧ್ವನಿ ಒಡೆದ ಮಡಕೆಯಂತಿತ್ತು. "ಆರು ತಿಂಗಳು ಆಕಾಶನ ಬೈದೆ ನಾನು."

"ಅಕ್ಕಾ, ನಾನು..."

"ಸುಮ್ನಿರು. ಉಸಿರು ಕೂಡಿಸಿಕೊಂಡು ಮಾತಾಡ್ತಿದೀನಿ, ಅಡ್ಡ ಬಾಯಿ ಹಾಕಬೇಡ." ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು. "ತಪ್ಪು ನಿಂದೊಬ್ಬಳದೇ ಅಲ್ಲ. ಇನ್ನೊಂದು ಪಂಪು ತಗೋ ಅಂದ್ರು ಡಾಕ್ಟ್ರು. ತಗೊಂಡ್ನಾ? ಆ ಹಳೇದು ಬಾಯಿಗೆ ಹೊಡೆದಾಗ ಎಷ್ಟು ಸುಖ ಆಯ್ತು ಗೊತ್ತಾ? ಸಾಯ್ತಿದ್ದೆ, ಆದ್ರೂ ಸುಖ ಆಯ್ತು. ಅಂಥಾ ಪೆದ್ದಿ ನಾನು."

"ಇನ್ಮೇಲೆ ಹಾಗೆ ಮಾಡಲ್ಲ ಅಕ್ಕಾ."

"ಮಾಡಬೇಡ. ನನ್ನ ಪಂಪು ಮುಟ್ಟಲೇಬೇಡ."

ತಂಗಿ ಹೊದಿಕೆಯ ಅಂಚು ಹಿಡಿದು, ಹೊಲಿಗೆ ಬಿಟ್ಟಿದ್ದ ಕಡೆ ಬೆರಳಾಡಿಸಿದಳು. "ಮುಟ್ಟದೆ ಇದ್ರೆ ನಂಗೆ ಹೇಗೆ ಗೊತ್ತಾಗುತ್ತೆ?"

"ಏನು ಗೊತ್ತಾಗಬೇಕು?"

"ನೀನು ಹೇಗಿದೀಯ ಅಂತ."

"ಅದನ್ನ ಡಬ್ಬಿ ಹೇಳುತ್ತಾ? ಬಾಯಿ ಇರೋದು ನನಗೆ. ಕೇಳು."

ಕೇಳಿದರೆ ಅಕ್ಕ ಯಾವತ್ತೂ "ಚೆನ್ನಾಗಿದೀನಿ, ಹೋಗು" ಎನ್ನುವವಳು. ಅದಕ್ಕೇ ತಂಗಿ ಕೇಳುವುದನ್ನು ಎಂದೋ ಬಿಟ್ಟಿದ್ದಳು. ಹೊರಗೆ ಯಾರದೋ ಸ್ಟ್ರೆಚರಿನ ಚಕ್ರ ಕಿರುಗುಟ್ಟುತ್ತಾ ಹೋಯಿತು.

"ಕಂಟ್ರೋಲರ್ ಫೋನ್ ಮಾಡಿದ್ರು," ಎಂದಳು ತಂಗಿ. "ಅರ್ಧ ಮುಗಿದಿದೆಯಂತೆ ರೆಕಾರ್ಡಿಂಗು. ಮೇಲಿನವರ ಹತ್ರ ಮಾತಾಡ್ತೀನಿ, ಒಪ್ತಾರೋ ಇಲ್ವೋ ಗೊತ್ತಿಲ್ಲ ಅಂದ್ರು."

"ಆ ರೂಮಿನ ವಾಸನೆ ಹೋಗೋಕೆ ಎಷ್ಟು ದಿನ ಬೇಕಂತೆ?"

ಅಂದರೆ ಅಕ್ಕ ಮತ್ತೆ ಆ ಕೋಣೆಗೆ ಹೋಗುತ್ತಾಳೆ. ಬೇಡ ಎಂದರೆ ಕೇಳುವವಳಲ್ಲ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಇನ್ನು ಬೆಳಿಗ್ಗೆ ಎದ್ದು ನೋಡಲು ಏನೂ ಇಲ್ಲ. ಅಕ್ಕನ ಬಾಯಿಂದ ಬಂದ ಮಾತನ್ನು ನಂಬಿ ಮಳಿಗೆಯಲ್ಲಿ ಕೂತು ಬಟನ್ ಹೊಲಿಯಬೇಕು. ನಂಬಬಹುದೋ ಇಲ್ಲವೋ ಪರೀಕ್ಷಿಸಲು ಒಂದೇ ದಾರಿಯಿತ್ತು.

"ಈಗ ಹೇಗಿದೆ ಅಕ್ಕಾ?" ಎಂದು ಕೇಳಿದಳು.

ಅಕ್ಕ ಎಂದಿನಂತೆ ಬಾಯಿ ತೆರೆದಳು, ತೆರೆದು ಮುಚ್ಚಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ಒಳಗಿನದನ್ನು ಆಲಿಸಿದಳು. ಅಷ್ಟು ಹೊತ್ತೂ ತಂಗಿ ಉಸಿರಾಡಲಿಲ್ಲ.

"ಮಧ್ಯಾಹ್ನಕ್ಕಿಂತ ವಾಸಿ," ಎಂದಳು ಅಕ್ಕ. "ಎಡಗಡೆ ಇನ್ನೂ ಬಿಗಿ ಇದೆ. ಭಯ ಆಗ್ತಿದೆ ಪುಟ್ಟೀ. ನರ್ಸನ್ನ ಕರಿ."

ತಂಗಿ ಎದ್ದು ಓಡಿದಳು.